ಟಿಕೆಟ್ಟಿಲ್ಲದ ಗೇಟು

ಸಿಂಗಪುರದ ಸಸ್ಯೋದ್ಯಾನ ಬೆಳಗಿನ ಐದು ಗಂಟೆಗೆ ತೆರೆದರೆ ಮುಚ್ಚುವುದು ನಡುರಾತ್ರಿ ಹನ್ನೆರಡಕ್ಕೆ. ಅಷ್ಟೂ ಹೊತ್ತು ಯಾರು ಬೇಕಾದರೂ ಬರಬಹುದು, ಹೋಗಬಹುದು. ಗೇಟಿನಲ್ಲಿ ಟಿಕೆಟ್ ಕೌಂಟರ್ ಇಲ್ಲ, ಎಲ್ಲಿಂದ ಬಂದಿರಿ ಎಂದು ವಿಚಾರಿಸುವವರಿಲ್ಲ. ಅಂಗೈಯಗಲ ನೆಲಕ್ಕೂ ಹೊನ್ನಿನ ಬೆಲೆ ಇರುವ ಊರಿನಲ್ಲಿ 82 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಇನ್ನೂರು ಎಕರೆ ಜಾಗ ಹೀಗೆ ಬಾಗಿಲು ತೆರೆದುಕೊಂಡಿದೆ. 2015ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೂ ಗೇಟು ಮೊದಲಿನ ಹಾಗೆಯೇ ಉಳಿಯಿತು. ಒಳಗಿರುವ ಆರ್ಕಿಡ್ ತೋಟ ನೋಡಬೇಕೆಂದರೆ ಮಾತ್ರ ದುಡ್ಡು ಕೊಡಬೇಕು. ಅದು ಸರಿಯೇ, ಅಲ್ಲಿ ಹೂಗಳಿಗೆ ನೆರಳು, ತಂಪು, ನೀರು ಎಲ್ಲವನ್ನೂ ಅಳೆದು ಕೊಡಬೇಕಾಗುತ್ತದೆ.

ಟಿಕೆಟ್ ಇಲ್ಲದಿದ್ದರೆ ನೋಡುವ ರೀತಿಯೇ ಬದಲಾಗುತ್ತದೆ. ದುಡ್ಡು ಕೊಟ್ಟು ಒಳಗೆ ಹೋದವರಿಗೆ ಎಲ್ಲವನ್ನೂ ನೋಡಿ ಮುಗಿಸುವ ಅವಸರ. ಆ ಮೂಲೆ ಬಿಟ್ಟುಹೋಯಿತು, ಈ ಕೊಳ ನೋಡಲಿಲ್ಲ, ಅಷ್ಟು ದೂರದಿಂದ ಬಂದು ಹಾಗೇ ಹೋಗುವುದೇ ಎಂಬ ತಳಮಳ. ದುಡ್ಡಿಲ್ಲದೆ ಹೋಗುವವನು ಆಫೀಸು ಬಿಟ್ಟು ಮೆಟ್ರೊ ಹತ್ತುವ ಮುಂಚೆ ಹತ್ತು ನಿಮಿಷ ಒಂದೇ ಒಂದು ಮರದ ಕೆಳಗೆ ನಿಂತು ಬರಬಹುದು. ನಾಳೆ ಅದೇ ಮರ, ನಾಡಿದ್ದೂ ಅದೇ ಮರ. ಮರಗಳನ್ನು ತಿಳಿಯಲು ಇದಕ್ಕಿಂತ ಬೇರೆ ದಾರಿ ಇದೆಯೆಂದು ನನಗನಿಸುವುದಿಲ್ಲ. ಒಂದೇ ಭೇಟಿಯಲ್ಲಿ ಮರದ ಎತ್ತರ ಕಾಣುತ್ತದೆ, ಹೆಸರಿನ ಫಲಕ ಕಾಣುತ್ತದೆ. ಅದು ಯಾವಾಗ ಎಲೆ ಉದುರಿಸುತ್ತದೆ, ಯಾವ ಹೊತ್ತಿಗೆ ಹೂ ಬಿರಿಯುತ್ತದೆ, ಯಾವ ಹಕ್ಕಿಗೆ ಅದರ ಮೇಲೆ ಹಕ್ಕು ಎಂಬುದೆಲ್ಲ ಹೋಗಿ ಬಂದು ಮಾಡಿದವರಿಗೇ ಗೊತ್ತಾಗುವುದು.

ನಾನು ಹೀಗೆ ಮತ್ತೆ ಮತ್ತೆ ನೋಡಲು ಹೋಗುವ ಮರ ತೆಂಬುಸು. ಸಿಂಗಪುರದ ಐದು ಡಾಲರ್ ನೋಟಿನ ಹಿಂಬದಿಯಲ್ಲಿ ಅಚ್ಚಾಗಿರುವ ಮರ ಇದೇ. ತೋಟ ಹುಟ್ಟುವ ಮೊದಲಿನಿಂದಲೂ ಇಲ್ಲಿದೆ. ತೊಗಟೆ ಉತ್ತ ಗದ್ದೆಯ ಹಾಗೆ ಉದ್ದಕ್ಕೆ ಸಾಲು ಬಿಟ್ಟುಕೊಂಡಿದೆ. ಕೆಳಗಿನ ಒಂದು ಕೊಂಬೆ ಮೇಲೆ ಹೋಗದೆ ನೆಲಕ್ಕೆ ಸಮನಾಗಿ ಬಹುದೂರ ಚಾಚಿ, ತುದಿಯಲ್ಲಿ ಮಾತ್ರ ಮೇಲೆದ್ದಿದೆ. ಎಷ್ಟೋ ತಲೆಮಾರಿನ ಮಕ್ಕಳು ಅದರ ಮೇಲೆ ಕೂತು ಫೋಟೊ ತೆಗೆಸಿಕೊಂಡಿದ್ದಾರೆ. ಈಗ ಕೊಂಬೆಗೆ ಊರೆಗೋಲು ಕೊಟ್ಟು ಸುತ್ತ ಬೇಲಿ ಹಾಕಿದ್ದಾರೆ. ಬುಡದ ಮಣ್ಣು ಕಾಲ್ತುಳಿತಕ್ಕೆ ಗಟ್ಟಿಯಾದರೆ ಬೇರಿಗೆ ಉಸಿರಾಡಲು ಆಗುವುದಿಲ್ಲ. ಮೇ, ಜೂನ್ ಹೊತ್ತಿಗೆ ಹೂ ಬಿಡುತ್ತದೆ. ಬಿಳಿಯ ಪುಟ್ಟ ಹೂಗಳು ಬಿರಿಯುವುದು ಸಂಜೆ ಇಳಿದ ಮೇಲೆ, ಹಳತಾದಂತೆ ಹಳದಿಗೆ ತಿರುಗುತ್ತವೆ. ಹಗಲು ಬಂದು ಹೋದವರಿಗೆ ಆ ಪರಿಮಳ ಸಿಕ್ಕುವುದಿಲ್ಲ. ಬಾಗಿಲು ರಾತ್ರಿ ಹನ್ನೆರಡರವರೆಗೆ ತೆರೆದಿರುವುದರ ಬೆಲೆ ನನಗೆ ಗೊತ್ತಾದದ್ದು ಅಂಥ ಸಂಜೆಗಳಲ್ಲಿ.

ಭಾನುವಾರದ ತೋಟವೇ ಬೇರೆ. ಅಂದು ಹುಲ್ಲುಹಾಸಿನ ತುಂಬ ಚಾಪೆಗಳು. ಫಿಲಿಪ್ಪೀನ್ಸಿನಿಂದ, ಇಂಡೋನೇಷ್ಯಾದಿಂದ, ಮ್ಯಾನ್ಮಾರಿನಿಂದ ಮನೆಗೆಲಸಕ್ಕೆ ಬಂದ ಹೆಣ್ಣುಮಕ್ಕಳು ಡಬ್ಬಿ ಬಿಚ್ಚಿ ಊಟಕ್ಕೆ ಕೂತಿರುತ್ತಾರೆ. ಒಬ್ಬಳು ಇನ್ನೊಬ್ಬಳಿಗೆ ಜಡೆ ಹಾಕುತ್ತಾಳೆ, ಮತ್ತೊಬ್ಬಳು ಫೋನಿನಲ್ಲಿ ಊರಿನ ಮಗುವಿಗೆ ಕೊಳದ ಹಂಸ ತೋರಿಸುತ್ತಾಳೆ. ಅವರಿಗೆ ವಾರಕ್ಕೊಂದು ರಜೆ, ಇಲ್ಲವೇ ಅದರ ಬದಲು ಆ ದಿನದ ಕೂಲಿ ಕೊಡಬೇಕೆಂಬ ನಿಯಮ ಬಂದದ್ದೇ 2013ರಲ್ಲಿ. ಇನ್ನೊಬ್ಬರ ಮನೆಯಲ್ಲೇ ಇದ್ದು ಅಲ್ಲೇ ದುಡಿಯುವವರಿಗೆ ರಜೆಯ ದಿನ ಎಲ್ಲಿ ಕೂರುವುದು ಎಂಬುದು ಸಣ್ಣ ಪ್ರಶ್ನೆಯಲ್ಲ. ಹೋಟೆಲಿನಲ್ಲಿ ಕೂತರೆ ಏನಾದರೂ ಕೊಳ್ಳಬೇಕು, ಮಾಲ್‌ನಲ್ಲಿ ನೆಲದ ಮೇಲೆ ಕೂರುವಂತಿಲ್ಲ. ಇಲ್ಲಿ ಮರದ ನೆರಳಿದೆ, ಕುಡಿಯುವ ನೀರಿದೆ, ಚೊಕ್ಕಟವಾದ ಶೌಚಾಲಯವಿದೆ. ಕೊಳದ ವೇದಿಕೆಯಲ್ಲಿ ಕೆಲವೊಮ್ಮೆ ಸಿಂಫನಿ ಕಛೇರಿಯೂ ಇರುತ್ತದೆ, ಅದಕ್ಕೂ ದುಡ್ಡಿಲ್ಲ. ಪಿಟೀಲುಗಳು ಒಟ್ಟಿಗೆ ಎದ್ದಾಗ ಬ್ಯಾಂಕಿನ ದೊಡ್ಡ ಅಧಿಕಾರಿಯೂ ಅವರ ಮನೆಯ ಕೆಲಸದಾಕೆಯೂ ಒಂದೇ ಹುಲ್ಲಿನ ಮೇಲೆ ಕೂತು ಕೇಳಬಹುದು.

ಈ ತೋಟ ಹುಟ್ಟಿದ್ದೇನೂ ಇಂಥ ಔದಾರ್ಯಕ್ಕಾಗಿ ಅಲ್ಲ. 1822ರಲ್ಲಿ ಬ್ರಿಟಿಷ್ ಅಧಿಕಾರಿ ರಾಫೆಲ್ಸ್ ಊರ ನಡುವಿನ ಗುಡ್ಡದ ಮೇಲೆ ಒಂದು ಸಸ್ಯೋದ್ಯಾನ ಮಾಡಿಸಿದ್ದರು, ಲವಂಗ, ಜಾಯಿಕಾಯಿಯ ವ್ಯಾಪಾರದ ಆಸೆಯಿಂದ. 1829ಕ್ಕೆ ಅದು ಮುಚ್ಚಿತು. ಈಗಿನ ಜಾಗದಲ್ಲಿ 1859ರಲ್ಲಿ ತೋಟ ಕಟ್ಟಿದ್ದು ಕೃಷಿ ಮತ್ತು ತೋಟಗಾರಿಕೆಯ ಒಂದು ಸಂಘ. ಸಂಘ ಸಾಲದಲ್ಲಿ ಸಿಕ್ಕಿಕೊಂಡಾಗ 1874ರಲ್ಲಿ ಸರ್ಕಾರ ವಹಿಸಿಕೊಂಡಿತು. ಸರ್ಕಾರಕ್ಕೆ ಬೇಕಿದ್ದದ್ದು ಲಾಭ ತರುವ ಗಿಡ. ಆ ಗಿಡ ಬಂದದ್ದು 1877ರಲ್ಲಿ, ಲಂಡನ್ನಿನ ಕ್ಯೂ ಉದ್ಯಾನದಿಂದ: ರಬ್ಬರಿನ 22 ಸಸಿ. ಅದರ ಹಿಂದಿನ ವರ್ಷ ಹೆನ್ರಿ ವಿಕ್‌ಹ್ಯಾಮ್ ಎಂಬಾತ ಅಮೆಜಾನ್ ಕಾಡಿನಿಂದ ಹಡಗಿನಲ್ಲಿ ಸಾಗಿಸಿದ್ದ ಬೀಜಗಳ ಮೊಳಕೆ ಅವು.

ಸುಳ್ಯದಿಂದ ಅಮ್ಮ ಬಂದಾಗ ರಬ್ಬರ್ ಮರ ತೋರಿಸಲು ಕರೆದುಕೊಂಡು ಹೋದೆ. ಗೇಟು ದಾಟುವಾಗ ಅವಳು ಸೆರಗಿನ ತುದಿಯಲ್ಲಿದ್ದ ಪರ್ಸಿಗೆ ಕೈ ಹಾಕಿ, “ಟಿಕೆಟಿಗೆ ಎಷ್ಟು ಮಗಾ?” ಎಂದಳು.

“ಇಲ್ಲ ಅಮ್ಮ, ಇದಕ್ಕೆ ದುಡ್ಡಿಲ್ಲ.”

“ಹಾಗಾದರೆ ನೋಡಿಕೊಳ್ಳುವುದು ಯಾರು?”

ಜನರ ತೆರಿಗೆಯಿಂದ ಸರ್ಕಾರವೇ ಎಂದೆ. ತಲೆಯಾಡಿಸಿದಳು. ಮರದ ಹತ್ತಿರ ಹೋದ ಮೇಲೆ ಫಲಕದ ಕಡೆ ತಿರುಗಿಯೂ ನೋಡಲಿಲ್ಲ. ಕನ್ನಡಕ ಏರಿಸಿಕೊಂಡು, ತೊಗಟೆಯ ಮೇಲಿನ ಹಳೆಯ ಗಾಯದ ಗುರುತನ್ನು ಮೇಲಿನಿಂದ ಕೆಳಕ್ಕೆ ಹೆಬ್ಬೆರಳಿನಿಂದ ಸವರಿದಳು. “ಒಳಗೆ ತಾಗಿಸಲಿಲ್ಲ ನೋಡು. ಎಲ್ಲಿಯೂ ಗಂಟು ಎದ್ದಿಲ್ಲ. ಹದ ಗೊತ್ತಿದ್ದ ಕೈ.” ಮೂವತ್ತು ವರ್ಷ ಬೆಳಕು ಹರಿಯುವ ಮೊದಲೇ ತಲೆಗೆ ಲೈಟು ಕಟ್ಟಿಕೊಂಡು ಟ್ಯಾಪಿಂಗಿಗೆ, ಅಂದರೆ ತೊಗಟೆ ಕೆತ್ತಿ ಹಾಲು ಇಳಿಸಲು, ಹೊರಡುವವರ ಜೊತೆ ಊರಿನ ರಬ್ಬರ್ ತೋಟ ಸುತ್ತಿದವಳು ಅವಳು. ಗೆರಟೆಯಲ್ಲಿ ಬಿದ್ದ ಹಾಲು ನೋಡಿಯೇ ಕತ್ತಿ ಯಾರದೆಂದು ಹೇಳಬಲ್ಲಳು.

ಆ ಹದವನ್ನು ಕಂಡುಕೊಂಡದ್ದು ಇದೇ ತೋಟದಲ್ಲಿ. 1888ರಲ್ಲಿ ಇಲ್ಲಿಗೆ ನಿರ್ದೇಶಕರಾಗಿ ಬಂದ ಹೆನ್ರಿ ರಿಡ್ಲಿ 1912ರವರೆಗೂ ಇದ್ದರು. ಅಮೆಜಾನ್ ಕಾಡಿನಲ್ಲಿ ಹಾಲು ಇಳಿಸಲು ಮರಕ್ಕೆ ಸಣ್ಣ ಕೊಡಲಿಯಿಂದ ಕಚ್ಚು ಹಾಕುತ್ತಿದ್ದರು. ಏಟು ಒಳಗಿನ ಎಳೆಯ ಪದರಕ್ಕೂ ತಾಗಿ ತೊಗಟೆ ಮತ್ತೆ ನೆಟ್ಟಗೆ ಬೆಳೆಯುತ್ತಿರಲಿಲ್ಲ. ರಿಡ್ಲಿ ತೊಗಟೆಯನ್ನಷ್ಟೇ ಓರೆಯಾಗಿ ಕೆತ್ತಿಸಿದರು. ಮುಂದಿನ ಸಲ ಹೊಸ ಗಾಯ ಮಾಡದೆ ಹಳೆಯ ಗಾಯದ ಕೆಳಅಂಚನ್ನೇ ತೆಳ್ಳಗೆ ಹೆರೆಸಿದರು. ಹಾಗೆ ಅದೇ ಜಾಗಕ್ಕೆ ಮತ್ತೆ ಮತ್ತೆ ಬಂದಾಗ ಹಾಲು ಕಡಿಮೆಯಾಗುವ ಬದಲು ಹೆಚ್ಚಾಗುತ್ತಿತ್ತು. ಬೆಳಗಿನ ತಂಪಿನಲ್ಲಿ ಇನ್ನೂ ಚೆನ್ನಾಗಿ ಇಳಿಯುತ್ತಿತ್ತು. ಇದು ಒಂದು ದಿನ ಮರ ನೋಡಿ ಹೋದವರಿಗೆ ತಿಳಿಯುವ ಸಂಗತಿಯೇ ಅಲ್ಲ. ಇಂದಿನ ಹಾಲನ್ನು ನಿನ್ನೆಯದರ ಜೊತೆ, ನಿನ್ನೆಯದನ್ನು ಮೊನ್ನೆಯದರ ಜೊತೆ ತೂಗಿ ನೋಡಿದವರಿಗೆ ಮಾತ್ರ ತಿಳಿಯುವುದು. ನಾನು ಈ ತೋಟದಲ್ಲಿ ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಆ ತಾಳ್ಮೆಯನ್ನು. ಆ ಕತ್ತಿ ಹಿಡಿದ ಕೂಲಿಗಳ ಹೆಸರು ಯಾವ ಫಲಕದಲ್ಲೂ ಇಲ್ಲ ಎನ್ನುವುದು ಅಷ್ಟೇ ನೋಯಿಸುತ್ತದೆ.

ಆಗ ಮಲಯದ ತೋಟದ ದೊರೆಗಳಿಗೆ ಕಾಫಿಯ ಮೇಲೆ ನಂಬಿಕೆ. ರಿಡ್ಲಿ ಜೇಬಿನ ತುಂಬ ರಬ್ಬರ್ ಬೀಜ ಇಟ್ಟುಕೊಂಡು ಸಿಕ್ಕವರಿಗೆಲ್ಲ ಹಂಚುತ್ತಿದ್ದರು. ಜನ ‘ಹುಚ್ಚು ರಿಡ್ಲಿ’ ಎಂದರು. 1896ರಲ್ಲಿ ಮಲಾಕ್ಕಾದ ಟಾನ್ ಚೇ ಯಾನ್ ಧೈರ್ಯ ಮಾಡಿ ತೋಟ ಹಾಕಿದರು. ಕಾಫಿಯ ಬೆಲೆ ಬಿತ್ತು, ಮೋಟಾರು ಬಂಡಿಯ ಟಯರಿಗೆ ರಬ್ಬರ್ ಬೇಕಾಯಿತು, ಆಮೇಲೆ ಯಾರೂ ನಿಲ್ಲಲಿಲ್ಲ. 1917ರ ಹೊತ್ತಿಗೆ ಈ ತೋಟದಿಂದ ಹೊರಗೆ ಹೋದ ಬೀಜ 70 ಲಕ್ಷಕ್ಕೂ ಹೆಚ್ಚು. ಅದರ ಹಿಂದೆಯೇ ಮಲಯದ ಕಾಡು ಹೋಯಿತು, ತಮಿಳುನಾಡಿನ ಹಳ್ಳಿಗಳಿಂದ ಕೂಲಿಗಳು ಹಡಗು ಹತ್ತಿದರು. ರಿಡ್ಲಿ ನೂರು ವರ್ಷ ದಾಟಿ ಬದುಕಿ 1956ರಲ್ಲಿ ತೀರಿಕೊಂಡರು.

ನಮ್ಮ ಸುಳ್ಯದ ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ದುಡಿಯುವವರಲ್ಲಿ ಬಹಳಷ್ಟು ಮಂದಿ ಶ್ರೀಲಂಕಾದಿಂದ ಬಂದ ತಮಿಳರ ಮಕ್ಕಳು, ಮೊಮ್ಮಕ್ಕಳು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಮೇಲೆ ಮರಳಿದ ಕುಟುಂಬಗಳಿಗೆ ಕೆಲಸ ಕೊಡಲೆಂದೇ ಅರಣ್ಯ ಅಭಿವೃದ್ಧಿ ನಿಗಮ ಅಲ್ಲಿ ರಬ್ಬರ್ ಬೆಳೆಸಿತು. ಮರವೂ ಅದನ್ನು ಕೆತ್ತುವ ಕೈಯೂ ಸಮುದ್ರ ದಾಟಿ ನಮ್ಮ ಗುಡ್ಡಕ್ಕೆ ಬಂದವು. ಇದನ್ನೆಲ್ಲ ಹೇಳುತ್ತಿದ್ದರೆ ಅಮ್ಮ ಬೆಂಚಿನ ಮೇಲೆ ಕೂತು ಕೇಳಿದಳು. ಕೊನೆಗೆ, “ಹಾಗಾದರೆ ನಮ್ಮ ತೋಟದ ಅಜ್ಜನ ಮನೆ ಇದು” ಎಂದಳು.

ವಾಪಸು ಬರುವಾಗ ಪ್ಲಾಂಟ್ ಹೌಸ್ ಹತ್ತಿರದ ಇಟ್ಟಿಗೆ ಮೆಟ್ಟಿಲು ತೋರಿಸಿದೆ. ಕೆಲವು ಇಟ್ಟಿಗೆಗಳ ಮೇಲೆ ಬಾಣದ ಗುರುತಿದೆ. ಜಪಾನೀಯರು ಸಿಂಗಪುರ ಹಿಡಿದಿದ್ದ ಕಾಲದಲ್ಲಿ ಆಸ್ಟ್ರೇಲಿಯದ ಯುದ್ಧ ಕೈದಿಗಳು ಸುಟ್ಟ ಇಟ್ಟಿಗೆ ಅವು; ಸೆರೆಯವರೆಂಬುದರ ಗುರುತಾಗಿ ಹಸಿ ಮಣ್ಣಿನಲ್ಲೇ ಬಾಣ ಒತ್ತಿದ್ದರು. ಅಮ್ಮ ಚಪ್ಪಲಿ ಬಿಟ್ಟು ಹತ್ತಿದಳು.

ಬೆಂಗಳೂರಿಗೆ ಬಂದಾಗೆಲ್ಲ ಲಾಲ್‌ಬಾಗಿಗೆ ಹೋಗುತ್ತೇನೆ. ಹೈದರಾಲಿಯ ಕಾಲದಿಂದ ಬಂದ ತೋಟ, ಮರಗಳ ವೈವಿಧ್ಯದಲ್ಲಿ ಯಾವ ಊರಿಗೂ ತಲೆಬಾಗಬೇಕಿಲ್ಲ. ಅಲ್ಲಿ ಬೆಳಗಿನ ವಾಯುವಿಹಾರದ ಹೊತ್ತಿನಲ್ಲಿ ಟಿಕೆಟ್ ಇಲ್ಲ, ಬಿಸಿಲೇರಿದ ಮೇಲೆ ಉಂಟು. ಮೊತ್ತ ಹೆಚ್ಚೇನಲ್ಲ ಎನ್ನುತ್ತಾರೆ. ಆದರೆ ಬೆಳಗಿನ ಹೊತ್ತು ಬಿಡುವಿರುವುದು ಯಾರಿಗೆ? ಮಾರ್ಕೆಟ್ಟಿನಲ್ಲಿ ಹೂ ಮಾರುವವಳಿಗಲ್ಲ, ನಾಲ್ಕು ಮನೆಯ ಪಾತ್ರೆ ಉಜ್ಜುವವಳಿಗಲ್ಲ, ಹಾಲು, ಪೇಪರ್ ಹಾಕುವ ಹುಡುಗನಿಗಲ್ಲ. ಅವರಿಗೆ ಪುರಸೊತ್ತಾಗುವುದು ಮಧ್ಯಾಹ್ನ. ಗಂಡ, ಇಬ್ಬರು ಮಕ್ಕಳು, ಅತ್ತೆ ಎಂದು ಐದು ಜನ ಹೊರಟರೆ ಆ ಸಣ್ಣ ಮೊತ್ತವೂ ದೊಡ್ಡದಾಗುತ್ತದೆ, ಬಸ್ಸಿನ ಚಾರ್ಜು ಬೇರೆ. ಅಂಥವರು ಒಂದು ಸಲ ಬಂದಾರು, ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ. ಅದೇ ಮರವನ್ನು ನೋಡಲು ಮತ್ತೆ ಬರಲಾರರು. ಪ್ರದರ್ಶನಕ್ಕೆ ಟಿಕೆಟ್ ಇರಲಿ, ಸಿಂಗಪುರದ ಆರ್ಕಿಡ್ ತೋಟಕ್ಕೂ ಇದೆಯಲ್ಲ. ಕಬ್ಬನ್ ಪಾರ್ಕಿಗೆ ದುಡ್ಡಿಲ್ಲ, ಅದನ್ನು ಬೆಂಗಳೂರು ನಡೆಸಿಕೊಂಡೇ ಬಂದಿದೆ. ಲಾಲ್‌ಬಾಗಿನ ಗೇಟನ್ನೂ ಭಾನುವಾರ ಮಧ್ಯಾಹ್ನದ ಮಟ್ಟಿಗಾದರೂ ಹಾಗೆ ಬಿಟ್ಟರೆ, ಆ ಪಾತ್ರೆ ಉಜ್ಜುವವಳ ಮಗಳು ವರ್ಷವಿಡೀ ಬಂದು ಯಾವ ಮರ ಯಾವ ತಿಂಗಳಲ್ಲಿ ಹೂ ಬಿಡುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬಹುದು.