ಆಕಿಗೆ ಯಾವಾಗ್ಲೂ ನೆಗಡಿ

ಪೋಸ್ಟ್ 1
ಹೋದ ವಾರ ಹಾಕಿದ್ದ ಫೋಟೋ ಕೆಳಗೆ ಯಾರೋ ಬರೆದಿದ್ರು: "ನೆಗಡಿ ರಾಣಿ ಕಾಣವಲ್ಲಳಲ್ಲ?" ನೆಗಡಿ ರಾಣಿ ಅಂದ್ರೆ ನನ್ನ ತಂಗಿ. ಎಂಟನೇ ಕ್ಲಾಸಿನಿಂದ ಈ ಹೆಸರು ಆಕೆಗೆ ಅಂಟಿಕೊಂಡಿದೆ, ಈಗ ಪಿಯುಸಿ. ಇವತ್ತಿನ ಸರಣಿ ಆಕೆಯ ಮೂಗಿನ ಬಗ್ಗೆ. ಕೇಳಿಯೇ ಬರೀತಿದೀನಿ. ಒಂದೇ ಷರತ್ತು ಹಾಕಿದ್ದಾಳೆ, ಮೂಗಿನ ಫೋಟೋ ಹಾಕಬಾರದಂತೆ. ಅದಕ್ಕೇ ಮೇಲೆ ನಮ್ಮೂರ ಕಲ್ಮಠದ ದೊಡ್ಡಹುಣಸಿ ಮರ. ಸವಣೂರಿನೋರು ಏನೇ ಬರೆದ್ರೂ ಈ ಮರದ ಫೋಟೋ ಹಾಕ್ತಾರ ಅಂತ ನಗಬ್ಯಾಡ್ರಿ, ಹೌದು, ಹಾಕ್ತೀವಿ.

"ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ" ಅಂತ ಅಜ್ಜಿ ಹೇಳ್ತಿದ್ಳು. ಸಣ್ಣ ರೋಗ ಅಂತ ಎಲ್ಲರೂ ನಗೋದೇ ಇದರ ದೊಡ್ಡ ತ್ರಾಸು. ಟೈಫಾಯಿಡ್ ಆದೋರಿಗೆ ಯಾರೂ ಅಡ್ಡಹೆಸರು ಇಡೋದಿಲ್ಲ. ನೆಗಡಿಗೆ ಇಡ್ತಾರೆ.

ಹೆಸರಿಗಷ್ಟೇ ನಿಂತಿದ್ರೆ ಸುಮ್ಮನಿರ್ತಿದ್ದೆ. ತಂಗಿ ಖೋ-ಖೋ ಚೆನ್ನಾಗಿ ಆಡ್ತಿದ್ಳು, ಕಂಬದ ಹತ್ತಿರ ಆಕೆಯನ್ನು ಹಿಡಿಯೋದು ಕಷ್ಟ. ಹೈಸ್ಕೂಲಿನಲ್ಲಿ ಟೀಮಿನಿಂದ ತೆಗೆದ್ರು. "ಈ ಹುಡುಗಿ ಮೈಯಾಗ ಶಕ್ತಿ ಇಲ್ಲ, ನಾಳೆ ಬಿದ್ರ ಯಾರು ಹೊಣಿ?" ಮನೆಯಲ್ಲೂ ಅದೇ ಮಾತು ಬೇರೆ ರೂಪದಲ್ಲಿ. ಪೇರಲಹಣ್ಣು ಬಂದ್, ಮೊಸರು ಬಂದ್, ಬಾಳೆಹಣ್ಣು ಬಂದ್. ಮೂರು ವರ್ಷ! ಔಷಧಿ ಅಂಗಡಿಗೆ ಹೋಗಿ "ನೆಗಡಿ" ಅಂದ್ರೆ ಸಾಕು, ಪೊಟ್ಟಣದಲ್ಲಿ ಮೂರು ಬಣ್ಣದ ಗುಳಿಗೆ. ಅದರಲ್ಲಿ ಒಂದು ಆಂಟಿಬಯೋಟಿಕ್ ಇರ್ತಿತ್ತು ಅಂತ ಆಮೇಲೆ ಗೊತ್ತಾಯ್ತು. ನೆಗಡಿ ತರೋದು ವೈರಸ್, ಆಂಟಿಬಯೋಟಿಕ್ ಕೊಲ್ಲೋದು ಬ್ಯಾಕ್ಟೀರಿಯಾ. ಅದೂ ಇದೂ ಎದುರಾಬದುರಾ ಬರೋದೇ ಇಲ್ಲ.

ಹಂಗಾದ್ರೆ ಕೆಲವರಿಗಷ್ಟೇ ಯಾಕೆ ಪದೇ ಪದೇ ನೆಗಡಿ? ನಿಜವಾಗ್ಲೂ "ಶಕ್ತಿ" ಕಡಿಮೆಯಾ?

ಪೋಸ್ಟ್ 2
ಫೋಟೋ: ಅಂಗನವಾಡಿ ಬಾಗಿಲಲ್ಲಿ ಬಿಟ್ಟ ಸಣ್ಣ ಸಣ್ಣ ಚಪ್ಪಲಿ. ಎಣಿಸಿ ನೋಡಿ.

ಮೊದಲು ನಮ್ಮವ್ವನ ಕಥೆ ಹೇಳಬೇಕು, ಯಾಕಂದ್ರೆ ಅದು ಸುಲಭ. ಅವ್ವ ಅಂಗನವಾಡಿಯಲ್ಲಿ ಕೆಲಸ ಮಾಡ್ತಾಳೆ. ಬೆಳಿಗ್ಗೆ ಐದಕ್ಕೆ ಎದ್ದು, ನೀರು ತುಂಬಿ, ರೊಟ್ಟಿ ಬಡಿದು, ಆಮೇಲೆ ಡ್ಯೂಟಿ. ಆಕೆಗಿಂತ ಗಟ್ಟಿ ಆಳು ನಮ್ಮ ಓಣಿಯಲ್ಲಿಲ್ಲ. ಆದರೂ ಜೂನ್ ತಿಂಗಳು ಬಂತಂದ್ರೆ ಸೆರಗು ಮೂಗಿಗೆ. ಅಪ್ಪ ದಿನವಿಡೀ ಒಬ್ಬನೇ ಎಲೆಬಳ್ಳಿ ತೋಟದಲ್ಲಿರ್ತಾನೆ. ವರ್ಷಕ್ಕೊಮ್ಮೆ ಸೀನಿದ್ರೆ ಹೆಚ್ಚು. "ನೋಡು, ನಾ ಹೆಂಗ ಅದೀನಿ" ಅಂತ ಮೀಸೆ ತಿರುವ್ತಾನೆ.

ಮೀಸೆ ತಿರುವೋದ್ರಲ್ಲಿ ಅರ್ಥವಿಲ್ಲ ಅಪ್ಪಾ. ನೆಗಡಿ ತರೋ ವೈರಸ್‌ಗಳು 200ಕ್ಕೂ ಹೆಚ್ಚು. ಅದರಲ್ಲಿ ರೈನೋವೈರಸ್ ಅನ್ನೋ ಒಂದೇ ಮನೆತನದಲ್ಲಿ 160ಕ್ಕೂ ಹೆಚ್ಚು ಬಗೆ. ಒಂದು ಬಗೆ ಬಂದು ಹೋದ್ರೆ ದೇಹ ಅದನ್ನ ಗುರುತಿಟ್ಟುಕೊಳ್ಳುತ್ತೆ, ಆದ್ರೆ ಮುಂದಿನದು ಹೊಸ ಮುಖ. ಅದಕ್ಕೇ ಸಣ್ಣ ಮಕ್ಕಳಿಗೆ ವರ್ಷಕ್ಕೆ 6–8 ಸಲ ನೆಗಡಿ ಆಗೋದು ಮಾಮೂಲು, ದೊಡ್ಡವರಿಗೆ 2–3. ಮಕ್ಕಳ ನಡುವೆ ದುಡಿಯೋ ದೊಡ್ಡವರಿಗೆ ಇನ್ನೂ ಜಾಸ್ತಿ. ಮಗು ಮೂಗು ಒರೆಸಿದ ಕೈಯಿಂದ ಚೆಂಡು ಹಿಡೀತು, ಅವ್ವ ಅದೇ ಚೆಂಡು ಎತ್ತಿಟ್ಟಳು, ಆಮೇಲೆ ಕಣ್ಣು ಉಜ್ಜಿಕೊಂಡಳು. ಮುಗೀತು.

ಅವ್ವನ ಶಕ್ತಿ ಕಡಿಮೆಯಲ್ಲ. ಆಕೆಗೆ ಎದುರಾಗೋ ಮೂಗುಗಳು ಹೆಚ್ಚು, ಅಷ್ಟೇ.

ಹಾಸ್ಟೆಲ್ ಸೇರಿದ ಮೊದಲ ವರ್ಷ ನಿಮಗೆಲ್ಲ ನೆಗಡಿ ಮೇಲೆ ನೆಗಡಿ ಆಗಿತ್ತಲ್ಲ? ಅದಕ್ಕೆ "ಧಾರವಾಡದ ನೀರು ಒಗ್ಗಲಿಲ್ಲ" ಅಂತ ನೀರಿಗೆ ಬೈದ್ರಿ. ಹತ್ತು ತಾಲೂಕಿನ ವೈರಸ್ ಒಂದೇ ರೂಮಿನಲ್ಲಿ ಸೇರಿದ್ರೆ ನೀರೇನು ಮಾಡುತ್ತೆ?

ಪೋಸ್ಟ್ 3
ಇದು ಸ್ವಲ್ಪ ಉದ್ದ, ಆದ್ರೆ ನನಗೆ ಬಹಳ ಇಷ್ಟವಾದ ಭಾಗ. (ಫೋಟೋ: ರಾತ್ರಿ 2ರ ಸ್ಟಡಿ ಟೇಬಲ್. ಯಾರದ್ದು ಅಂತ ಹೇಳೋದಿಲ್ಲ.)

ಎದುರಾಗೋ ವೈರಸ್ ಒಂದೇ ಆದ್ರೂ ಒಬ್ಬರಿಗೆ ನೆಗಡಿ ಆಗುತ್ತೆ, ಪಕ್ಕದವರಿಗೆ ಆಗೋದಿಲ್ಲ. ಇದನ್ನ ನೋಡೋಕೆ ಬ್ರಿಟನ್‌ನಲ್ಲಿ ಒಂದು ಜಾಗವೇ ಇತ್ತು. ಸಾಲ್ಸ್‌ಬರಿ ಹತ್ತಿರದ ಕಾಮನ್ ಕೋಲ್ಡ್ ಯೂನಿಟ್, 1946ರಿಂದ 1990ರವರೆಗೆ. ಜನ ತಾವಾಗಿ ಬಂದು ಅಲ್ಲಿ ಇರ್ತಿದ್ರು, ಊಟ ವಸತಿ ಪುಕ್ಕಟೆ, ಮೂಗಿಗೆ ವೈರಸ್ಸಿನ ಹನಿ. ರಜೆ ಅಂತ ಬರೋರೂ ಇದ್ರಂತೆ! ಹನಿ ಹಾಕಿದ ಎಲ್ಲರಿಗೂ ನೆಗಡಿ ಆಗ್ತಿರಲಿಲ್ಲ. ಕೆಲವರ ದೇಹದಲ್ಲಿ ವೈರಸ್ ಬೆಳೆದ್ರೂ ಒಂದು ಸೀನೂ ಇಲ್ಲ.

ಅಲ್ಲಿ 394 ಆರೋಗ್ಯವಂತರನ್ನ ಇಟ್ಟುಕೊಂಡು ಶೆಲ್ಡನ್ ಕೋಹೆನ್ ಮತ್ತು ಜೊತೆಗಾರರು ಮಾಡಿದ ಅಧ್ಯಯನ 1991ರಲ್ಲಿ ಬಂತು. ಮನಸ್ಸಿನ ಒತ್ತಡ ಹೆಚ್ಚಿದಷ್ಟೂ ನೆಗಡಿ ಹಿಡಿಯೋ ಸಂಭವ ಹೆಚ್ಚು ಅಂತ ಕಂಡಿತು. ಆಮೇಲೆ ಅಮೆರಿಕದಲ್ಲಿ ಅದೇ ಥರದ ಪ್ರಯೋಗ, 2015ರದ್ದು: 164 ಜನರ ಕೈಗೆ ನಿದ್ದೆ ಅಳೆಯೋ ಪಟ್ಟಿ ಕಟ್ಟಿ ಒಂದು ವಾರ ನೋಡಿದ್ರು, ಆಮೇಲೆ ಮೂಗಿಗೆ ಹನಿ. ರಾತ್ರಿ 6 ಗಂಟೆಗಿಂತ ಕಡಿಮೆ ಮಲಗಿದವರಿಗೆ, 7 ಗಂಟೆಗಿಂತ ಹೆಚ್ಚು ಮಲಗಿದವರಿಗಿಂತ ನೆಗಡಿ ಆಗೋ ಸಾಧ್ಯತೆ 4 ಪಟ್ಟಿಗೂ ಹೆಚ್ಚು. ಪರೀಕ್ಷೆ ಮುಗಿದ ದಿನವೇ ಯಾಕೆ ಮೂಗು ಕಟ್ಟುತ್ತೆ ಅನ್ನೋದಕ್ಕೆ ನನಗಂತೂ ಉತ್ತರ ಸಿಕ್ತು.

ಮಳೆಯಲ್ಲಿ ನೆನೆಯೋದು? ಇಲ್ಲಿ ಅಜ್ಜಿಯರನ್ನ ಪೂರ್ತಿ ಸೋಲಿಸೋಕೆ ಆಗಲಿಲ್ಲ. 2005ರಲ್ಲಿ ಕಾರ್ಡಿಫ್‌ನಲ್ಲಿ 90 ಜನರ ಕಾಲನ್ನ 20 ನಿಮಿಷ ತಣ್ಣೀರಲ್ಲಿ ಇಡಿಸಿದ್ರು, ಇನ್ನು 90 ಜನರ ಕಾಲು ಒಣಗಿದ್ದವು. ನಾಲ್ಕೈದು ದಿನದಲ್ಲಿ ನೆಗಡಿ ಬಂತು ಅಂದವರು ತಣ್ಣೀರಿನ ಗುಂಪಲ್ಲಿ 13, ಇನ್ನೊಂದರಲ್ಲಿ 5. ವೈರಸ್ ನೀರಿನಿಂದ ಹುಟ್ಟೋದಿಲ್ಲ. ಮೊದಲೇ ಮೂಗಲ್ಲಿ ಸುಮ್ಮನೆ ಕೂತಿದ್ದು, ಚಳಿಗೆ ಮೂಗಿನ ರಕ್ತನಾಳ ಸಂಕುಚಿತವಾದಾಗ ತಲೆ ಎತ್ತಿರಬಹುದು ಅನ್ನೋದು ಅವರ ಊಹೆ. ಅಜ್ಜಿ ಟವೆಲ್ ಹಿಡಕೊಂಡು ಬಾಗಿಲಲ್ಲಿ ನಿಲ್ಲೋದ್ರಲ್ಲಿ ಒಂದಿಷ್ಟು ಅರ್ಥ ಇದೆ. ಪೇರಲಹಣ್ಣಿನ ಕೇಸು ಬೇರೆ, ಹಣ್ಣಿನೊಳಗೆ ನೆಗಡಿ ವೈರಸ್ ಇರೋದಿಲ್ಲ. ಪೇರಲಹಣ್ಣು ಆರೋಪಮುಕ್ತ.

ಇನ್ನೊಂದು ಹೇಳಲೇಬೇಕು. 1997ರಲ್ಲಿ ಕೋಹೆನ್ ಅವರ ಗುಂಪು 276 ಜನರನ್ನ ಕೇಳಿತು: ನಿಮಗೆ ಎಷ್ಟು ಬಗೆಯ ಸಂಬಂಧ ಇದಾವೆ? ಮನೆಯವರು, ಗೆಳೆಯರು, ಓಣಿಯವರು, ಕೆಲಸದವರು, ಸಂಘದವರು ಹಿಂಗೆ. ಆಮೇಲೆ ಹನಿ. ಮೂರು ಅಥವಾ ಕಡಿಮೆ ಬಗೆಯ ಸಂಬಂಧ ಇದ್ದವರಿಗೆ, ಆರು ಅಥವಾ ಹೆಚ್ಚು ಇದ್ದವರಿಗಿಂತ ನೆಗಡಿ ಸಂಭವ 4 ಪಟ್ಟು ಹೆಚ್ಚು! ನಾಲ್ಕು ಜನರ ಜೊತೆ ಬೆರೆಯೋರಿಗೆ ವೈರಸ್ ಹೆಚ್ಚು ಸಿಗಬೇಕಲ್ವಾ? ಸಿಗುತ್ತೆ, ನಮ್ಮವ್ವನಿಗೆ ಸಿಕ್ಕ ಹಾಗೆ. ಆದ್ರೆ ಸಿಕ್ಕ ವೈರಸ್ಸನ್ನ ದೇಹ ಹೆಂಗೆ ಎದುರಿಸುತ್ತೆ ಅನ್ನೋದು ಬೇರೆ ಲೆಕ್ಕ. ಇಲ್ಲಿ ಎಲ್ಲರಿಗೂ ಒಂದೇ ಹನಿ ಹಾಕಿದ್ರಿಂದ ಆ ಎರಡನೇ ಲೆಕ್ಕ ಬಿಡಿಯಾಗಿ ಕಂಡಿತು.

ಇದನ್ನ ಓದಿದಾಗ ನನಗೆ ನೆನಪಾಗಿದ್ದು ಕ್ಲಾಸಿನಲ್ಲಿ ತಂಗಿ ಕೂರ್ತಿದ್ದ ಕೊನೇ ಬೆಂಚು. ಒಬ್ಬಳೇ. "ಆಕಿ ಬಾಜೂ ಕುಂತ್ರ ನಮಗೂ ಬರ್ತೈತಿ" ಅಂತ ಉಳಿದೋರು ಮುಂದೆ ಸರಿದಿದ್ರು.

ಪೋಸ್ಟ್ 4
ಫೋಟೋ: ಆಟದ ಮೈದಾನದ ಅಂಚು. ಬಿಳಿ ಹೂ ನೋಡಿ ಚಂದ ಅನ್ನಬ್ಯಾಡ್ರಿ, ಅದು ಕಾಂಗ್ರೆಸ್ ಗಿಡ.

ಹೋದ ವರ್ಷ ಕಡೆಗೂ ಹಾವೇರಿಯಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರ್ ಹತ್ರ ಹೋದ್ವಿ. ಅವರು ಟಾರ್ಚ್ ಹಿಡಿಯೋಕೂ ಮೊದಲು ಕೇಳಿದ್ದು ಇಷ್ಟು. ಜ್ವರ ಬರುತ್ತಾ? ಇಲ್ಲ. ಒಂದು ಸಲ ಬಂದ್ರೆ ಎಷ್ಟು ದಿನ? ತಿಂಗಳುಗಟ್ಟಲೆ. ಸೀನು ಒಂದೊಂದಾ, ಸಾಲಾಗಿಯಾ? ಬೆಳಿಗ್ಗೆ ಎದ್ದ ಕೂಡಲೇ ಹತ್ತು ಹದಿನೈದು, ಪಟಾಕಿ ಸರದ ಹಂಗೆ. ಕಣ್ಣು ತುರಿಸುತ್ತಾ? ಅಂಗಳವೂ ತುರಿಸುತ್ತೆ ಸರ್, ನಾಲಿಗೆಯಿಂದ ಕೆರ್ಕೋತೀನಿ ಅಂದಳು ತಂಗಿ. ಸುರಿಯೋದು ಗಟ್ಟಿ ಸಿಂಬಳವಾ, ನೀರಾ? ನೀರು.

"ಇದು ನೆಗಡಿನೇ ಅಲ್ಲಮ್ಮಾ" ಅಂದ್ರು.

ನೆಗಡಿ ಸಾಮಾನ್ಯವಾಗಿ ಒಂದು ವಾರ ಹತ್ತು ದಿನದಲ್ಲಿ ಹೋಗುತ್ತೆ. ಇದು ಅಲರ್ಜಿ. ಹೂವಿನ ಪರಾಗ, ಧೂಳು ಇಂಥವು ಮೂಗಿಗೆ ಹೋದಾಗ ದೇಹ ಅದನ್ನ ಶತ್ರು ಅಂದ್ಕೊಂಡು ಹಿಸ್ಟಮಿನ್ ಅನ್ನೋ ರಾಸಾಯನಿಕ ಬಿಡುತ್ತೆ. ಸೀನು, ತುರಿಕೆ, ನೀರು ಎಲ್ಲ ಅದರದ್ದೇ ಗಲಾಟೆ. ಇಲ್ಲಿ ನನಗೆ ನಗು ಬಂತು, ಸಿಟ್ಟೂ ಬಂತು. ಇಷ್ಟು ವರ್ಷ ಎಲ್ಲರೂ "ಶಕ್ತಿ ಕಡಿಮೆ" ಅಂದ್ರಲ್ಲ, ಇದು ಅದರ ಉಲ್ಟಾ. ಒಳಗಿನ ಕಾವಲುಗಾರ ನಿದ್ದೆ ಮಾಡ್ತಿಲ್ಲ, ಎಲೆ ಅಲುಗಾಡಿದ್ರೂ ಶಿಳ್ಳೆ ಹೊಡೀತಿದಾನೆ. ಮತ್ತೆ ಅಲರ್ಜಿ ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ. ಕೊನೇ ಬೆಂಚಿನವರು, ಮುಂದಿನ ಬೆಂಚಿನವರು ಎಲ್ಲರೂ ಓದಿಕೊಳ್ಳಿ.

ಮಳೆಗಾಲ ಹಿಡಿದ ಮೇಲೆ ಜಾಸ್ತಿ ಆಗುತ್ತೆ, ಮೈದಾನಕ್ಕೆ ಹೋದ್ರೆ ಜಾಸ್ತಿ ಆಗುತ್ತೆ ಅಂದಾಗ ಡಾಕ್ಟರ್ ಕಾಂಗ್ರೆಸ್ ಗಿಡದ ಮಾತು ತೆಗೆದ್ರು. ಪಾರ್ಥೇನಿಯಂ. ಅಮೆರಿಕ ಖಂಡದ ಗಿಡ. ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು, ಆಮೇಲೆ ರಸ್ತೆ ಬದಿ, ಹೊಲದ ಬದು, ಖಾಲಿ ಸೈಟು ಯಾವುದನ್ನೂ ಬಿಡಲಿಲ್ಲ. ಮುಟ್ಟಿದ್ರೆ ಕೆಲವರಿಗೆ ಚರ್ಮ ತುರಿಸುತ್ತೆ, ಪರಾಗ ಉಸಿರಲ್ಲಿ ಹೋದ್ರೆ ಮೂಗು. ಬೆಂಗಳೂರಿನಲ್ಲಿ ಈ ಗಿಡದಿಂದ ಬರೋ ಮೂಗಿನ ಅಲರ್ಜಿ ಬಗ್ಗೆ ಡಾಕ್ಟರುಗಳು 1990ರ ದಶಕದ ಆರಂಭಕ್ಕೇ ಬರೆದಿದ್ದಾರೆ. ಇದರ ಎಲೆ ತಿನ್ನೋ ಒಂದು ಹುಳವನ್ನ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟಿದ್ರು. ಪಟ್ಟೆ ಪಟ್ಟೆ ಸಣ್ಣ ಜೀರುಂಡೆ, ಮಳೆಗಾಲದಲ್ಲಿ ಹುಡುಕಿದ್ರೆ ಸಿಗುತ್ತೆ. ತಿನ್ನುತ್ತೆ ಪಾಪ, ಆದ್ರೆ ಗಿಡ ಅದಕ್ಕಿಂತ ಜೋರು.

ತಂಗಿಗೆ ಈಗ ಮೂಗಿಗೆ ಹೊಡೆಯೋ ಸ್ಪ್ರೇ ಕೊಟ್ಟಿದಾರೆ, ಜಾಸ್ತಿ ಆದಾಗ ಒಂದು ಗುಳಿಗೆ. ಅಂಗಡಿಯವನು ಕೊಡೋದಲ್ಲ, ಬರೆದುಕೊಟ್ಟದ್ದು. ಪೂರ್ತಿ ಹೋಗಿಲ್ಲ, ಅರ್ಧಕ್ಕಿಂತ ಕಡಿಮೆ ಆಗಿದೆ. ಮೊಸರು ವಾಪಸ್ ಬಂತು.

ಬ್ಯಾಡಗಿ ಮಾರ್ಕೆಟ್ಟಿಗೆ ಹೋದಾಗ ಮೆಣಸಿನ ಘಾಟಿಗೆ ಸೀನೋದು, ಸವಣೂರ ಖಾರ ತಿಂದು ಮೂಗು ಸೋರೋದು, ಇವೂ ನೆಗಡಿ ಅಲ್ಲ ಮತ್ತೆ. ಅದು ಖಾರ. ಅದಕ್ಕೆ ಔಷಧಿ ಇಲ್ಲ, ಇನ್ನೊಂದು ಮುಷ್ಟಿ ತಿನ್ನೋದು.

ಪೋಸ್ಟ್ 5
ಇನ್‌ಬಾಕ್ಸಿನಲ್ಲಿ ಬಂದ ಪ್ರಶ್ನೆಗಳಿಗೆ ಗಡಿಬಿಡಿಯಲ್ಲಿ: ವಿಟಮಿನ್ ಸಿ ಗುಳಿಗೆ ದಿನಾ ನುಂಗಿದ್ರೆ ನಮ್ಮಂಥ ಸಾಮಾನ್ಯರಿಗೆ ನೆಗಡಿ ಬರೋದು ಕಡಿಮೆ ಆಗಲ್ಲ. ದುಡ್ಡು ಉಳಿಸಿ ಪೇರಲಹಣ್ಣು ತಿನ್ರಿ. ಕೈ ತೊಳೆಯೋದು ಕೆಲಸ ಮಾಡುತ್ತೆ. ಉಸಿರಾಡುವಾಗ ಎದೆಯಲ್ಲಿ ಸೀಟಿ ಹೊಡೆದಂಗೆ ಆದ್ರೆ, ಜೋರು ಜ್ವರ ಬಂದ್ರೆ, ಹತ್ತು ದಿನ ದಾಟಿದ್ರೆ ಡಾಕ್ಟರ್ ಹತ್ರ ಹೋಗ್ರಿ, ನನ್ನ ಪೋಸ್ಟಿಗೆ ಬರಬ್ಯಾಡ್ರಿ. ಅಸ್ತಮಾ ಇದ್ದೋರು ಅಷ್ಟು ದಿನ ಕಾಯೋದೂ ಬ್ಯಾಡ, ಅವರಿಗೆ ನೆಗಡಿ ಮೂಗಲ್ಲಿ ನಿಲ್ಲದೆ ಎದೆಗೆ ಇಳಿಯುತ್ತೆ.

ಈ ರವಿವಾರ ಬೆಳಿಗ್ಗೆ 7ಕ್ಕೆ ಮೈದಾನದ ಅಂಚಿನ ಕಾಂಗ್ರೆಸ್ ಗಿಡ ಕೀಳ್ತೀವಿ. ಒಂದು ಬದಿಯದು ಇನ್ನೂ ಹೂ ಬಿಟ್ಟಿಲ್ಲ, ಬಿಡೋ ಮೊದಲೇ ಬೇರು ಸಮೇತ ಕಿತ್ತರೆ ಪರಾಗವೂ ಇಲ್ಲ, ಬೀಜವೂ ಇಲ್ಲ. ಕೈಗವಸು, ತುಂಬು ತೋಳಿನ ಅಂಗಿ, ಮೂಗಿಗೆ ಬಟ್ಟೆ ಬೇಕೇ ಬೇಕು. ಅಲರ್ಜಿ, ಅಸ್ತಮಾ ಇದ್ದೋರು ಬರಬ್ಯಾಡ್ರಿ. ತಂಗಿಯೂ ಬರೋದಿಲ್ಲ. ರಸ್ತೆ ಆಚೆ ಚಹಾ ಅಂಗಡಿಯಲ್ಲಿ ಕೂತು ಯಾರು ಎಷ್ಟು ಕಿತ್ತರು ಅಂತ ಲೆಕ್ಕ ಬರೀತಾಳಂತೆ. ಹೋದ ವಾರ ಕಾಮೆಂಟ್ ಹಾಕಿದವರ ಹೆಸರು ಪಟ್ಟಿಯಲ್ಲಿ ಮೊದಲು ಬರೆದಿಟ್ಟಿದ್ದಾಳೆ.

#ಸವಣೂರು #ನೆಗಡಿ #ಕಾಂಗ್ರೆಸ್‌ಗಿಡ #ಹಾವೇರಿಹುಡುಗರು