ಡಿಸ್‌ಪ್ಲೇ ಬರ್ತಿಲ್ಲ

ಫ್ಯಾನು ತಿರುಗಿತೆಂದ ಮಾತ್ರಕ್ಕೆ ಕಂಪ್ಯೂಟರಿಗೆ ಜೀವ ಇದೆ ಎಂದುಕೊಳ್ಳಬಾರದು. ಕರೆಂಟು ಬಂತೇ ಎಂದು ತಿಳಿಯಲು ತಲೆಯೆತ್ತಿ ಫ್ಯಾನು ನೋಡುವ ಜನ ನಾವು. ಹಾಗಾಗಿ ಫ್ಯಾನಿನ ಸಾಕ್ಷಿ ಸಾಲದು ಎಂಬುದನ್ನು ಒಪ್ಪುವುದು ಕಷ್ಟ. ಟಿವಿ ಸ್ಟ್ಯಾಂಡಿನ ಪಕ್ಕದಲ್ಲಿ, ನಾನು ಸರ್ವರ್ ಎಂದೂ ನನ್ನ ಹೆಂಡತಿ ಡಬ್ಬ ಎಂದೂ ಕರೆಯುವ ಪದಾರ್ಥದೊಳಗೆ ಫ್ಯಾನುಗಳೆಲ್ಲ ಚೆನ್ನಾಗಿಯೇ ಬೀಸುತ್ತಿದ್ದವು. ಹಸಿರು ದೀಪವೂ ಉರಿಯುತ್ತಿತ್ತು. ಟಿವಿಗೆ ವೈರು ಸಿಕ್ಕಿಸಿದರೆ ಮಾತ್ರ 'ನೋ ಸಿಗ್ನಲ್'. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇದಕ್ಕೆ 'ಡಿಸ್‌ಪ್ಲೇ ಬರ್ತಿಲ್ಲ' ಅನ್ನುತ್ತಾರೆ. ಹಾಗೆಂದರೆ ಸೆಲ್ಲಿನಿಂದ ಹಿಡಿದು ಪ್ರೊಸೆಸರಿನವರೆಗೆ ಏನು ಬೇಕಾದರೂ ಹೋಗಿರಬಹುದು. ಖರ್ಚು ನಲವತ್ತು ರೂಪಾಯಿಗೂ ನಿಲ್ಲಬಹುದು, ನಲವತ್ತು ಸಾವಿರಕ್ಕೂ ಏರಬಹುದು.

ಆಸೆಯಿರುವ ಮನುಷ್ಯ ನಲವತ್ತು ರೂಪಾಯಿಯ ಕಡೆಯಿಂದಲೇ ಶುರು ಮಾಡುತ್ತಾನೆ. ಮದರ್‌ಬೋರ್ಡಿನ ಮೇಲಿರುವ 2032 ಸೆಲ್ ಬದಲಾಯಿಸಿದೆ. ಡಿಸ್‌ಪ್ಲೇ ಬರಲಿಲ್ಲ. ರ್ಯಾಮ್ ಕಿತ್ತು, ಅದರ ಹೊಂಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆ. ನಮ್ಮ ದೇಶದ ಕಂಪ್ಯೂಟರ್ ರಿಪೇರಿ ಶಾಸ್ತ್ರದ ಅರ್ಧ ಭಾಗ ಈ ರಬ್ಬರಿನಲ್ಲಿದೆ. ನಗಬೇಡಿ, ಎಷ್ಟೋ ಸಲ ಕೆಲಸವೂ ಆಗುತ್ತದೆ. ಜಿಡ್ಡು ಹೋದರೆ ಕರೆಂಟಿಗೆ ದಾರಿ ಸಿಗುತ್ತದೆ. ನನಗೆ ಹಲ್ಲು ಹೊಳೆದದ್ದಷ್ಟೇ ಲಾಭ.

ಮುಂದಿನ ಗುಮಾನಿ ಒಳಗಿನ ಭಾಗಗಳಿಗೆಲ್ಲ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಮೇಲೆ. ಇದನ್ನು ಪರೀಕ್ಷಿಸಲು ದೊಡ್ಡ ವಿದ್ಯೆ ಬೇಡ, ಆಫೀಸಿನ ಒಂದು ಜೆಮ್ ಕ್ಲಿಪ್ ಸಾಕು. ಬೋರ್ಡಿಗೆ ಹೋಗುವ 24 ಪಿನ್ನಿನ ಕನೆಕ್ಟರ್ ಬಿಚ್ಚಿ, ಹಸಿರು ವೈರಿನ ತೂತಿಗೂ ಯಾವುದಾದರೊಂದು ಕಪ್ಪು ವೈರಿನ ತೂತಿಗೂ ಕ್ಲಿಪ್ಪಿನಿಂದ ಸೇತುವೆ ಕಟ್ಟಿ ಸ್ವಿಚ್ ಹಾಕಿದರೆ, ಒಳ್ಳೆಯ ಎಸ್‌ಎಂಪಿಎಸ್ ಬೋರ್ಡಿನ ಹಂಗಿಲ್ಲದೆ ಎದ್ದುಬಿಡುತ್ತದೆ. ಮಲ್ಟಿಮೀಟರಿನಲ್ಲಿ ಹಳದಿಗೆ 12, ಕೆಂಪಿಗೆ 5, ಕಿತ್ತಳೆಗೆ 3.3 ವೋಲ್ಟ್ ಬರಬೇಕು. ನೂರಕ್ಕೆ ಐದು ಹೆಚ್ಚುಕಡಿಮೆಯಾದರೆ ಕ್ಷಮೆ ಇದೆ. ನನ್ನದರಲ್ಲಿ ಮೂರೂ ಸರಿ ಇದ್ದವು. ಹೊರೆ ಹೊರಿಸದೆ ಬಲ ಅಳೆದರೆ ನಂಬುವಂತಿಲ್ಲ ಎಂದು ಮೇಲಿನ ಮನೆಯ ಹುಡುಗನ ಕಂಪ್ಯೂಟರಿನಿಂದ ಎಸ್‌ಎಂಪಿಎಸ್ ಎರವಲು ತಂದೂ ನೋಡಿದೆ. ಫ್ಯಾನು ತಿರುಗಿತು. ನೋ ಸಿಗ್ನಲ್.

ಉಳಿದದ್ದು ಸ್ಪೀಕರ್ ಪರೀಕ್ಷೆ. ಬೋರ್ಡಿಗೆ ಬೆರಳ ತುದಿಯಷ್ಟು ದೊಡ್ಡ ಸ್ಪೀಕರ್ ಸಿಕ್ಕಿಸಿ, ರ್ಯಾಮ್ ಪೂರ್ತಿ ತೆಗೆದು ಕರೆಂಟು ಕೊಡಬೇಕು. ಬೋರ್ಡಿಗೂ ಪ್ರೊಸೆಸರಿಗೂ ಜೀವವಿದ್ದರೆ 'ನನ್ನ ರ್ಯಾಮ್ ಎಲ್ಲಿ' ಎಂದು ಕೀ ಕೀ ಎಂದು ಕಿರುಚಬೇಕು. ಕಿರುಚಿದರೆ ಸಂತೋಷ. ಯಂತ್ರ ನಮ್ಮ ಮೇಲೆ ರೇಗಲಿ ಎಂದು ಅಷ್ಟು ಹಂಬಲಿಸಿ ಕಿವಿಗೊಟ್ಟದ್ದು ಅದೇ ಮೊದಲು. ಹೆಂಡತಿ ಮಿಕ್ಸಿ ನಿಲ್ಲಿಸಿ ಸಹಕರಿಸಿದಳು. ಏನೂ ಕೇಳಲಿಲ್ಲ. ಪ್ರೊಸೆಸರ್ ಸಾಯುವುದು ಅಪರೂಪ; ಬಹುಪಾಲು ಹೋಗುವುದು ಬೋರ್ಡೇ. ಟಾರ್ಚ್ ಹಿಡಿದು ಕ್ಯಾಪಾಸಿಟರುಗಳ ನೆತ್ತಿ ನೋಡಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಕಳಪೆ ದ್ರಾವಣ ತುಂಬಿದ ಕ್ಯಾಪಾಸಿಟರುಗಳು ಜಗತ್ತಿನಾದ್ಯಂತ ಊದಿ, ಸೋರಿ, ಲೆಕ್ಕವಿಲ್ಲದಷ್ಟು ಬೋರ್ಡುಗಳನ್ನು ಕೊಂದಿದ್ದವು. ಆಗ ರೋಗ ಕಣ್ಣಿಗೆ ಕಾಣುತ್ತಿತ್ತು. ಈಗಿನ ಬೋರ್ಡುಗಳು ಮುಖದ ಮೇಲೆ ಏನನ್ನೂ ತೋರಿಸದೆ ಹೋಗುತ್ತವೆ.

ಬೋರ್ಡು ಬಿಚ್ಚಿಕೊಂಡು ಎಸ್.ಪಿ. ರೋಡಿಗೆ ಹೋದೆ. ಅದರ ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ ಎಂಬುದು ಅಲ್ಲಿಗೆ ದಿನವೂ ಹೋಗುವವರಿಗೂ ಮರೆತುಹೋಗಿರುತ್ತದೆ. ಆಟೋದವರಿಗೆ ಅದು ಎಸ್.ಪಿ. ರೋಡೇ. ಟೌನ್ ಹಾಲ್ ಹತ್ತಿರ ಇಳಿದು, ಕೈಗಾಡಿಗೂ ಸ್ಕೂಟರಿಗೂ ಮೈ ಕೊಡುತ್ತ ನಡೆದು, ಕಿರಿದಾದ ಮೆಟ್ಟಿಲು ಹತ್ತಿದರೆ 'ಚಿಪ್ ಲೆವೆಲ್ ಸರ್ವಿಸ್' ಎಂಬ ಬೋರ್ಡು. ಅದರಡಿ ಕೂತ ಹುಡುಗನಿಗೆ ಇಪ್ಪತ್ತೈದು ದಾಟಿರಲಿಲ್ಲ. ನಾನು ಜೆಮ್ ಕ್ಲಿಪ್ಪಿನ ಕಥೆ ಶುರು ಮಾಡುವಷ್ಟರಲ್ಲಿ ಅವನು ಬೋರ್ಡಿಗೆ ಕರೆಂಟು ಕೊಟ್ಟು, ಒಂದು ಚಿಪ್ಪಿನ ಮೇಲೆ ಬೆರಳಿಟ್ಟು, ತಟ್ಟನೆ ತೆಗೆದ.

"ಸೌತ್ ಬ್ರಿಡ್ಜ್ ಶಾರ್ಟ್ ಸಾರ್. ಮುಟ್ಟಿ ನೋಡಿ."

ಮುಟ್ಟಿದೆ. ಸುಟ್ಟಿತು. ನನ್ನ ಒಂದು ವಾರದ ಸಂಶೋಧನೆ ಅವನ ತೋರುಬೆರಳಿನಲ್ಲಿತ್ತು.

"ಬದಲಾಯಿಸೋಕೆ ಆಗಲ್ವೇನಪ್ಪ?"

"ಆಗತ್ತೆ. ಆದ್ರೆ ಚಿಪ್ ಎಲ್ಲಿಂದ ತರೋದು? ಇನ್ನೊಂದು ಡೆಡ್ ಬೋರ್ಡಿಂದ ಕಿತ್ತು ಹಾಕ್ಬೇಕು. ಎಷ್ಟು ದಿನ ಬರತ್ತೋ ನಾನು ಗ್ಯಾರಂಟಿ ಕೊಡಲ್ಲ. 2013ರ ಮಾಲು ಸಾರ್ ಇದು."

ಇಲ್ಲಿಂದ ಮುಂದಿನದು ಬದಲಿ ಬೋರ್ಡು ಹುಡುಕುವ ಪುರಾಣ. ನನ್ನ ಐ5 ಪ್ರೊಸೆಸರ್ ಆರೋಗ್ಯವಾಗಿದೆ. ನಾಲ್ಕು ರ್ಯಾಮ್ ಕಡ್ಡಿಗಳೂ ಗಟ್ಟಿಮುಟ್ಟಾಗಿವೆ. ಆದರೆ ಆ ಪ್ರೊಸೆಸರ್ ಕೂರುವ 1150 ಎಂಬ ಸಾಕೆಟ್ಟಿನ ಕಾಲ ಮುಗಿದಿದೆ. ಅದರ ನಂತರದ ಸಾಕೆಟ್ಟುಗಳಿಗೇ ವಯಸ್ಸಾಗಿದೆ. ಡಿಡಿಆರ್3 ರ್ಯಾಮಿನ ಕಚ್ಚು ಡಿಡಿಆರ್4 ಸ್ಲಾಟಿಗೆ ಹೊಂದುವುದಿಲ್ಲ. ನಾಲ್ಕು ಅಂಗಡಿ ತಿರುಗಿದರೆ ಆ ಸಾಕೆಟ್ಟಿನ ಹೊಸ ಬೋರ್ಡೂ ಸಿಗುತ್ತದೆ, ಹಿಂದೆಂದೂ ಹೆಸರು ಕೇಳಿರದ ಕಂಪನಿಯದು, ಎಚ್81 ಚಿಪ್‌ಸೆಟ್ಟಿನದು. ಅದರಲ್ಲಿ ರ್ಯಾಮಿಗೆ ಎರಡೇ ಸ್ಲಾಟು. ಡಿಸ್ಕು ಸಿಕ್ಕಿಸಲು ಹೆಚ್ಚೆಂದರೆ ನಾಲ್ಕು ಸಾಟಾ ಪೋರ್ಟು. ನನ್ನಲ್ಲಿ ನಾಲ್ಕು ಹಾರ್ಡ್ ಡಿಸ್ಕು, ಮೇಲೊಂದು ಎಸ್‌ಎಸ್‌ಡಿ. ಪ್ರೊಸೆಸರಿಗೆ ಮನೆ ಕೊಡಿಸಲು ಹೋಗಿ ಅರ್ಧ ಸಂಸಾರವನ್ನು ಬೀದಿಗೆ ಹಾಕಬೇಕು.

ಲೀಸ್ ಮುಗಿದು ಐಟಿ ಕಂಪನಿಗಳಿಂದ ಬರುವ ಹಳೆಯ ಪಿಸಿಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಅಗ್ಗ. ಆದರೆ ಒಳಗೆ ಎರಡಕ್ಕಿಂತ ಹೆಚ್ಚು ಡಿಸ್ಕಿಗೆ ಜಾಗವಿಲ್ಲ, ಎಸ್‌ಎಂಪಿಎಸ್ಸಿನ ಕನೆಕ್ಟರೂ ಅವರವರದೇ ನಮೂನೆ. ಹೊಸ ದೊಡ್ಡ ಬೋರ್ಡನ್ನೇ ಕೊಂಡು, ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ರ್ಯಾಮ್ ಹಾಕಿಸೋಣವೆಂದು ಒಂದು ಅಂಗಡಿಯಲ್ಲಿ ಕೇಳಿದೆ. ಈ ವಯಸ್ಸಿನಲ್ಲಿ ಆ ಗುಣ ಮನೆಯಲ್ಲಿ ಯಾರಿಗಾದರೂ ಇದ್ದರೆ ಒಳ್ಳೆಯದು. ಅಂಗಡಿಯವರು ಸರ್ವರಿನಿಂದ ಕಿತ್ತ ರಿಜಿಸ್ಟರ್ಡ್ ರ್ಯಾಮ್ ತಂದಿಟ್ಟರು. ಅದು ಸ್ಲಾಟಿನಲ್ಲಿ ಸರಿಯಾಗಿ ಕೂರುತ್ತದೆ, ಆದರೆ ಮಾಮೂಲಿ ಬೋರ್ಡಿನಲ್ಲಿ ಕೆಲಸ ಮಾಡುವುದಿಲ್ಲ. ನಾನು ಮೂವತ್ತು ವರ್ಷ ದುಡಿದ ಕಚೇರಿ ನೆನಪಾಯಿತು.

ಕೊನೆಗೆ ಮನಸ್ಸು ನಿಂತದ್ದು ಅಂಗೈಗಿಂತ ಸ್ವಲ್ಪ ದೊಡ್ಡದಾದ, 17 ಸೆಂಟಿಮೀಟರ್ ಚೌಕದ ಒಂದು ಬೋರ್ಡಿನ ಮೇಲೆ. ಎನ್100 ಪ್ರೊಸೆಸರ್ ಅದರಲ್ಲೇ ಬೆಸೆದಿರುತ್ತದೆ. 2023ರಲ್ಲಿ ಬಂದದ್ದು, ನಾಲ್ಕು ಕೋರು, ಲೆಕ್ಕದ ಶಾಖ 6 ವಾಟ್. ನನ್ನ ಹಳೆಯ ಐ5ಗೆ ಇದೇ ಲೆಕ್ಕ 84 ವಾಟ್ ಇತ್ತು, ಮಾಡುತ್ತಿದ್ದ ಕೆಲಸ ಹೆಚ್ಚುಕಡಿಮೆ ಇಷ್ಟೇ. ರ್ಯಾಮಿಗೆ ಒಂದೇ ಸ್ಲಾಟು, ಸಾಟಾ ಎರಡೇ. ಮಿಕ್ಕ ಡಿಸ್ಕುಗಳಿಗೆ ಒಂದು ಕಾರ್ಡು ಸಿಕ್ಕಿಸಬೇಕು. ಆಗಬಹುದು ಎಂದುಕೊಂಡೆ.

ವಾಟಿನ ಮಾತು ಸುಮ್ಮನೆ ಬಂದದ್ದಲ್ಲ. ಹಳೆಯ ಡಬ್ಬ ಡಿಸ್ಕುಗಳೂ ಸೇರಿ ಸುಮ್ಮನಿದ್ದಾಗಲೂ 60 ವಾಟ್ ಎಳೆಯುತ್ತಿತ್ತು, ಎಂದರೆ ತಿಂಗಳಿಗೆ 43 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ದಿನದಿಂದ ನನ್ನ ಹೆಂಡತಿಗೆ ಮೀಟರಿನ ಮೇಲೆ ಕಣ್ಣು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಲ್ಲ. "ನಿಮ್ಮ ಡಬ್ಬ ಇಲ್ದೇ ಹೋದ್ರೆ ಬೇಸಿಗೇಲೂ ನಾವು ಆರಾಮಾಗಿ ಒಳಗಿರ್ತೀವಿ ರೀ," ಎನ್ನುತ್ತಾಳೆ. ನನ್ನಲ್ಲೂ ವಾದವಿದೆ. ಉಚಿತದ ಲೆಕ್ಕ ಹಾಕಿದ್ದು 2022-23ರ ಸರಾಸರಿಯ ಮೇಲೆ, ಅದಕ್ಕೆ ಶೇಕಡಾ ಹತ್ತು ಸೇರಿಸಿ. ಆ ಸರಾಸರಿಯಲ್ಲಿ ಡಬ್ಬದ ಪಾಲೂ ಇತ್ತು. ನಮ್ಮ ಮನೆಯ ಉಚಿತ ಯೂನಿಟ್ ಅಷ್ಟಾದರೂ ಇರುವುದು ಅದು ದುಡಿದದ್ದರಿಂದ. ಈ ವಾದ ಗೆದ್ದಿತು ಎಂದು ಹೇಳಲಾರೆ.

ನಿಜ ಹೇಳಬೇಕೆಂದರೆ ಡಬ್ಬ ಸತ್ತರೂ ನಾನು ಕಳೆದುಕೊಂಡದ್ದು ಏನೂ ಇರಲಿಲ್ಲ. ಫೋಟೋ, ಕ್ಯಾಸೆಟ್ಟಿನಿಂದ ಇಳಿಸಿದ ಹಾಡು, ಅಮ್ಮನ ಧ್ವನಿ, ಎಲ್ಲದರ ಇನ್ನೊಂದು ಪ್ರತಿ ಗೋದ್ರೆಜ್ ಬೀರುವಿನಲ್ಲಿರುವ ಡಿಸ್ಕಿನಲ್ಲಿದೆ. ಮತ್ತೇಕೆ ಇಷ್ಟು ಒದ್ದಾಟ? ಮಗಳು ಡಬ್ಲಿನ್‌ನಲ್ಲಿದ್ದಾಳೆ. ಅಲ್ಲಿ ಸಂಜೆ ಏಳೆಂದರೆ ನಮಗೆ ಚಳಿಗಾಲದಲ್ಲಿ ರಾತ್ರಿ ಹನ್ನೆರಡೂವರೆ. ಆಫೀಸಿನಿಂದ ಬಂದು ಅಡುಗೆಗೆ ನಿಂತಾಗ ನಮ್ಮ ಸರ್ವರಿನಿಂದ ಹಾಡು ಹಾಕಿಕೊಳ್ಳುವುದು ಅವಳ ರೂಢಿ. ಯಾರೂ ಕೇಳದಿದ್ದಾಗ ಹಾರ್ಡ್ ಡಿಸ್ಕು ನಿದ್ದೆ ಹೋಗಿರುತ್ತದೆ. ಅವಳು ಅಲ್ಲಿ ಒತ್ತಿದರೆ ಇಲ್ಲಿ ಗುಂಯ್ ಎಂದು ಎದ್ದು ತಿರುಗತೊಡಗುತ್ತದೆ. ಮಲಗಿದಲ್ಲಿಂದಲೇ ನನಗದು ಕೇಳುತ್ತಿತ್ತು. ಓಹೋ, ಮನೆ ಸೇರಿದಳು, ಒಲೆ ಹಚ್ಚಿದಳು ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದೆ. ಅವಳು ಫೋನ್ ಮಾಡುವುದು ಭಾನುವಾರ ಮಾತ್ರ. ಉಳಿದ ದಿನಗಳ ಯೋಗಕ್ಷೇಮ ಡಿಸ್ಕಿನದು. ಇದನ್ನು ಅವಳಿಗಾಗಲಿ ಅವಳ ತಾಯಿಗಾಗಲಿ ನಾನು ಹೇಳಿರಲಿಲ್ಲ.

ಹೊಸ ಬೋರ್ಡು ಕೂರಿಸಿದ ದಿನ ಡಿಸ್ಕುಗಳು ಯಾವ ತಕರಾರೂ ಮಾಡಲಿಲ್ಲ. ಹಲವು ಡಿಸ್ಕುಗಳನ್ನು ಒಂದಾಗಿ ಹೊಲಿಯುವ ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್‌ನಲ್ಲಿ ತಾವು ಯಾರ ಜೊತೆಯವರು, ಎಷ್ಟನೆಯವರು ಎಂಬುದನ್ನು ಡಿಸ್ಕುಗಳು ತಮ್ಮ ಮೈಮೇಲೇ ಬರೆದುಕೊಂಡಿರುತ್ತವೆ. ಯಾವ ಬೋರ್ಡಿಗೆ, ಯಾವ ಕ್ರಮದಲ್ಲಿ ಸಿಕ್ಕಿಸಿದರೂ ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತವೆ. ಬೋರ್ಡಿನ ಸ್ವಂತ ರೇಡ್ ನಂಬಿದ್ದರೆ ಅವೂ ಅದರ ಜೊತೆ ಸಹಗಮನ ಮಾಡುವ ಭಯವಿತ್ತು. ತಕರಾರು ಬಂದದ್ದು ನೆಟ್‌ವರ್ಕಿನಿಂದ. ಹಳೆಯ ಬೋರ್ಡಿನಲ್ಲಿ ಇಎನ್‌ಪಿ3ಎಸ್0 ಎಂದಿದ್ದ ಕಾರ್ಡಿನ ಹೆಸರು ಹೊಸದರಲ್ಲಿ ಇಎನ್‌ಪಿ1ಎಸ್0. ಕೂತ ಜಾಗ ನೋಡಿ ಹೆಸರಿಡುವುದು ಅಲ್ಲಿನ ಪದ್ಧತಿ. ನಮ್ಮ ಸರ್ವರ್ ಎದ್ದು ಕೂತು, ಇಲ್ಲದವನ ಹೆಸರು ಹಿಡಿದು ಕರೆಯುತ್ತ, ಊರಿಗೆಲ್ಲ ಮೂಕವಾಗಿತ್ತು. ಒಂದು ಫೈಲಿನಲ್ಲಿ ಒಂದು ಅಂಕಿ ತಿದ್ದಿದೆ. ಡಿಸ್‌ಪ್ಲೇ ಬಂದಿತ್ತು, ಹಾಡೂ ಬಂತು.

ಆ ರಾತ್ರಿ ಎಚ್ಚರವಾಗಿಯೇ ಇದ್ದೆ. ಹನ್ನೆರಡೂವರೆ ಆಯಿತು, ಒಂದಾಯಿತು. ಗುಂಯ್ ಇಲ್ಲ. ಮಾರನೆಯ ರಾತ್ರಿಯೂ ಇಲ್ಲ. ಮತ್ತೆ ಪರೀಕ್ಷೆ ಶುರು: ಕೇಬಲ್ ಸರಿ, ರೂಟರ್ ಸರಿ. ಮೊಬೈಲ್ ಡೇಟಾದಿಂದ ಪರಸ್ಥಳದವನ ಹಾಗೆ ಹೊಕ್ಕು ನೋಡಿದೆ. ಬಾಗಿಲು ತೆರೆದೇ ಇತ್ತು.

"ಅವಳು ಆಗ್ಲೇ ಯಾವ್ದೋ ಪ್ಲಾನ್ ತಗೊಂಡ್ಲಂತೆ ರೀ, ತಿಂಗ್ಳಿಗಿಷ್ಟು ಅಂತ. ಎಲ್ಲಾ ಹಾಡೂ ಅದ್ರಲ್ಲೇ ಸಿಗತ್ತಂತೆ," ಎಂದಳು ಹೆಂಡತಿ. "ನಿಮಗೆ ಹೇಳಿಲ್ವಾ?"

ಭಾನುವಾರ ಫೋನ್ ಬಂತು. ಮಳೆ, ಮನೆ ಬಾಡಿಗೆ, ಅಲ್ಲಿಯ ಬೆಂಡೆಕಾಯಿಯ ಬೆಲೆ, ಎಲ್ಲ ಆಯಿತು.

"ಅಪ್ಪಾ, ಅಜ್ಜಿ ಹುಳಿಪುಡಿ ಅಳತೆ ಹೇಳಿದ್ದು ರೆಕಾರ್ಡ್ ಮಾಡಿಟ್ಟಿದ್ಯಲ್ಲ, ಅದು ಬೇಕಿತ್ತು. ವಾಟ್ಸ್‌ಆಪ್‌ನಲ್ಲಿ ಹಾಕಿಬಿಡ್ತೀಯಾ?"

ಮೂರು ಎಂಬಿಯ ಫೈಲು ಅದು.

"ತುಂಬ ದೊಡ್ಡದು ಪುಟ್ಟಿ, ವಾಟ್ಸ್‌ಆಪ್‌ನಲ್ಲಿ ಹೋಗಲ್ಲ," ಎಂದೆ. "ಸರ್ವರ್ ಸರಿ ಹೋಗಿದೆ, ಅಲ್ಲಿಂದ್ಲೇ ತಗೋಬೇಕು."

ಪಕ್ಕದಲ್ಲಿ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದ ಹೆಂಡತಿ ತಲೆಯೆತ್ತಿದಳು. ಆ ರೆಕಾರ್ಡಿಂಗ್ ಅವಳ ಫೋನಿನಲ್ಲೇ ಇದೆ, ಅದೂ ನಾನೇ ವಾಟ್ಸ್‌ಆಪ್‌ನಲ್ಲಿ ಕಳಿಸಿದ್ದು ಎಂಬುದು ಆಗ ನೆನಪಾಯಿತು. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು.

"ಹೌದು ಕಣೇ," ಎಂದು ಫೋನಿನ ಕಡೆಗೆ ಗಟ್ಟಿಯಾಗಿ ಕೂಗಿದಳು, "ನನಗೆ ಕಳಿಸೋಕೆ ಹೋಗಿದ್ರು, ಆಗ್ಲೇ ಇಲ್ಲ."