ದೆವ್ವವನ್ನೂ ಮಾತಾಡಿಸಬೇಕು

ಏಪ್ರಿಲ್ ಬಂತೆಂದರೆ ನಮ್ಮೂರು ತುರ್ವಿಹಾಳದಲ್ಲಿ ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ. ಇಂಥ ಉರಿಯಲ್ಲಿ ಹಿಮ, ಮಂಜು, ಜಡಿಮಳೆ ತುಂಬಿದ ಕಾದಂಬರಿ ಓದುವುದೇ ಒಂದು ಸುಖ. ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ನನ್ನ ಪಾಲಿಗೆ ಬೇಸಿಗೆಯ ಪುಸ್ತಕ.

ಅದು ಹುಟ್ಟಿದ್ದೂ ಬೇಸಿಗೆಯಲ್ಲೇ, ಆದರೆ ಬಿಸಿಲಿಲ್ಲದ ಬೇಸಿಗೆ. 1815ರಲ್ಲಿ ಇಂಡೋನೇಷ್ಯಾದ ತಾಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿನ ಆಕಾಶವೇ ಮಂಕಾಯಿತು. ಜಿನೀವಾ ಸರೋವರದ ದಂಡೆಯಲ್ಲಿ ಮಳೆಗೆ ಸಿಕ್ಕಿ ಮನೆಯೊಳಗೇ ಕೂತ ಗೆಳೆಯರಿಗೆ, ತಲೆಗೊಂದು ದೆವ್ವದ ಕಥೆ ಬರೆಯೋಣವೆಂದ ಕವಿ ಬೈರನ್. ಹದಿನೆಂಟರ ಮೇರಿ ಅಲ್ಲಿ ಶುರುಮಾಡಿದ ಕಥೆ 1818ರಲ್ಲಿ ಲೇಖಕಿಯ ಹೆಸರಿಲ್ಲದೆ ಅಚ್ಚಾಯಿತು.

1764ರಲ್ಲಿ ಹೊರೇಸ್ ವಾಲ್ಪೋಲ್ ಆರಂಭಿಸಿದ, ಗಾಥಿಕ್ ಎಂಬ ಭಯದ ಕಥೆಗಳ ಪರಂಪರೆಗೆ ಕೋಟೆ, ಸುರಂಗ, ಶಾಪ ಎಲ್ಲ ಬೇಕಿತ್ತು. ಕೋಟೆಗೆ ನಮ್ಮಲ್ಲೂ ಬರವಿಲ್ಲ. ಮುದಗಲ್ಲು, ಜಲದುರ್ಗ ಹತ್ತಿರದಲ್ಲೇ ಇವೆ. ಮೇರಿ ಮಾತ್ರ ಭಯವನ್ನು ಕೋಟೆಯಿಂದ ಬಿಡಿಸಿ, ಓದಿದ ಹುಡುಗನೊಬ್ಬನ ಕೋಣೆಗೆ ತಂದಳು.

ನಮ್ಮ ಕಡೆ ಮೈಮೇಲೆ ಗಾಳಿ ಬಂತೆಂದರೆ ಹಿರಿಯರು ಮೊದಲು ಕೇಳುವುದು, "ಯಾರವ್ವಾ ನೀ? ಏನು ಬೇಕು ನಿನಗ?" ಬಯಕೆ ತೀರದೆ ಸತ್ತ ಜೀವವೆಂದು ಸೀರೆಯನ್ನೋ ಹೋಳಿಗೆಯನ್ನೋ ಕೊಟ್ಟು ಕಳಿಸುತ್ತಾರೆ. ಗಾಳಿಯಲ್ಲಿ ನನಗೆ ನಂಬಿಕೆಯಿಲ್ಲ. ಆ ಪ್ರಶ್ನೆಯಲ್ಲಿರುವ ಕರುಣೆಯನ್ನು ಮಾತ್ರ ಪೂರ್ತಿ ನಂಬುತ್ತೇನೆ.

ಮೇರಿಯ ಕಥೆಯ ಆ ಓದಿದ ಹುಡುಗ, ವಿಕ್ಟರ್ ಫ್ರಾಂಕೆನ್‌ಸ್ಟೈನ್, ಆ ಪ್ರಶ್ನೆ ಕೇಳಲಿಲ್ಲ. ತಾನೇ ಜೀವ ತುಂಬಿದ ಪ್ರಾಣಿ ಕಣ್ಣು ತೆರೆದೊಡನೆ ಹೇಸಿ ಓಡಿದ. ಅದಕ್ಕೊಂದು ಹೆಸರನ್ನೂ ಇಡಲಿಲ್ಲ. ಆ ಅನಾಥ ಜೀವ ಬಡ ಕುಟುಂಬವೊಂದರ ಗೋಡೆಯಾಚೆ ಅಡಗಿ, ಅವರ ಮಾತು ಕೇಳಿ ಕೇಳಿ ಭಾಷೆ ಕಲಿಯಿತು. ರಾತ್ರಿ ಹೊತ್ತು ಯಾರಿಗೂ ಕಾಣದಂತೆ ಅವರಿಗೆ ಸೌದೆ ತಂದಿಟ್ಟಿತು. ಪ್ರೀತಿಯಿಂದ ಮಾತಾಡಿಸಿದವನು ಕಣ್ಣು ಕಾಣದ ಮುದುಕನೊಬ್ಬನೇ. ಕಣ್ಣಿದ್ದವರು ಬಡಿದು ಅಟ್ಟಿದರು. ಕೊಲೆಗಳು ಶುರುವಾದದ್ದು ಆಮೇಲೆ. ಆ ಪುಟಗಳಲ್ಲಿ ನನ್ನ ಹೆದರಿಕೆ ಪ್ರಾಣಿಯನ್ನು ಬಿಟ್ಟು ಅದನ್ನು ಮಾಡಿದವನ ಕಡೆ ತಿರುಗುತ್ತದೆ.

ಆಗ ನನಗೆ ನಮ್ಮ ಹೊಲಗಳು ನೆನಪಾಗುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆ ಈ ಸೀಮೆಗೆ ಅನ್ನ ಕೊಟ್ಟಿದೆ. ಆದರೆ ಮಿತನೀರಿನ ಬೆಳೆಗೆಂದು ಯೋಜಿಸಿದ ಕಾಲುವೆಯ ಮೇಲ್ಭಾಗದಲ್ಲಿ ಭತ್ತಕ್ಕೆ ನೀರು ನಿಲ್ಲಿಸಿ ನಿಲ್ಲಿಸಿ ಎಷ್ಟೋ ಎರೆಭೂಮಿ ಸವಳು ಹಿಡಿಯಿತು. ಕೊನೆಭಾಗದವರು ನೀರಿಗಾಗಿ ಕಾಯುತ್ತಲೇ ಉಳಿದರು. ಕಾಲುವೆ ತಂದದ್ದು ಪುಣ್ಯದ ಕೆಲಸ. ತಂದಮೇಲೆ ನೀರಿನ ಮೇಲೂ ಮಣ್ಣಿನ ಮೇಲೂ ನಿಗಾ ಇಡುವುದು ನಮ್ಮೆಲ್ಲರ ಹೊಣೆಯಾಗಿತ್ತು. ಹುಟ್ಟಿಸಿದ್ದನ್ನು ಸಾಕಬೇಕು: ಇನ್ನೂರು ವರ್ಷದ ಹಿಂದಿನ ಹುಡುಗಿ ಹೇಳಿದ್ದು ಇದನ್ನೇ. ಈಗ ಯೋಚಿಸುವ ಯಂತ್ರಗಳನ್ನು ಕಟ್ಟುತ್ತಿರುವವರಿಗೂ ಈ ಮಾತು ಸಲ್ಲುತ್ತದೆ.

ಸಿನಿಮಾದ, ಕುತ್ತಿಗೆಗೆ ಬೋಲ್ಟು ಜಡಿದ ರಾಕ್ಷಸನನ್ನು ಬದಿಗಿಟ್ಟು ಪುಸ್ತಕವನ್ನೇ ಓದಿ. ನಡುಭಾಗದಲ್ಲಿ ಆ ಜೀವ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಅಲ್ಲಿ ಅವಸರ ಮಾಡಬೇಡಿ, ಪೂರ್ತಿ ಕೇಳಿಸಿಕೊಳ್ಳಿ.